72 ಗಂಟೆಯ ಮಾತ್ರೆ ಮತ್ತು ನಮ್ಮ ಹೆಣ್ಣುಮಕ್ಕಳು

ಈ ವಿಷಯವನ್ನು ಪತ್ರಿಕೆಯಲ್ಲಿ ಎತ್ತಬೇಡಿ ಎಂದು ನಮ್ಮ ಹಿತೈಷಿಗಳೇ ಕೆಲವರು ಹೇಳಿದರು. ಬೋನಸ್ಸು, ಕೂಲಿ, ಮಾರಾಟ ತೆರಿಗೆಯ ಕಿರುಕುಳ, ರೇಷನ್ ಅಂಗಡಿಯ ತೂಕದ ಮೋಸ, ಇಂಥವನ್ನು ಬರೆಯುವ ಪತ್ರಿಕೆಗೆ ಹೆಣ್ಣುಮಕ್ಕಳ ಗರ್ಭನಿರೋಧಕ ಮಾತ್ರೆಯ ಗೊಡವೆ ಏಕೆ ಎಂಬುದು ಅವರ ವಾದ. ಮನೆಮನೆಗೆ ಹೋಗುವ ಪತ್ರಿಕೆ, ಹೆಂಗಸರೂ ಓದುತ್ತಾರೆ, ಮಕ್ಕಳೂ ಓದುತ್ತಾರೆ ಎಂದೂ ಸೇರಿಸಿದರು. ಹೆಂಗಸರು ಓದುತ್ತಾರೆ ಎಂಬ ಕಾರಣಕ್ಕೇ ನಾವು ಇದನ್ನು ಬರೆಯುತ್ತಿದ್ದೇವೆ.

ಪ್ರಶ್ನೆ ಇಷ್ಟು. ಹದಿನೈದು, ಹದಿನಾರು, ಹದಿನೇಳು ವರ್ಷದ ಹುಡುಗಿಗೆ ಬಸಿರಾಗುವ ಭಯ ಬಂದಾಗ ಅದನ್ನು ತಡೆಯುವ ತುರ್ತು ಮಾತ್ರೆ ಸುಲಭವಾಗಿ ಸಿಗಬೇಕೆ, ಬೇಡವೆ? ಸಿಗಬೇಕು ಎಂಬುದು ನಮ್ಮ ಮತ. ಹೇಗೆ ಸಿಗಬೇಕು, ಯಾರ ಕೈಯಿಂದ ಸಿಗಬೇಕು ಎಂಬುದರಲ್ಲಿ ನಮಗೂ, ಮಾತ್ರೆ ಮಾರುವ ಕಂಪನಿಗಳಿಗೂ ದೊಡ್ಡ ಭೇದವಿದೆ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಈ ಮಾತ್ರೆ ಏನು ಎಂಬುದು ತಿಳಿಯಬೇಕು. ಇದನ್ನು ಬಯ್ಯುವವರಲ್ಲಿ ಮುಕ್ಕಾಲು ಮಂದಿಗೆ ಇದು ಗೊತ್ತಿಲ್ಲ. ನುಂಗುವವರಲ್ಲಿಯೂ ಅನೇಕರಿಗೆ ಗೊತ್ತಿಲ್ಲ. ಔಷಧದ ಹೆಸರು ಲೆವೊನಾರ್ಜೆಸ್ಟ್ರೆಲ್. ಒಂದೂವರೆ ಮಿಲಿಗ್ರಾಮಿನ ಒಂದೇ ಮಾತ್ರೆ. ಸಂಪರ್ಕವಾದ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು. ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಫಲ. ಹೆಣ್ಣಿನ ಅಂಡಾಶಯದಿಂದ ಅಂಡ ಹೊರಬರುವುದನ್ನು ಮುಂದೂಡುವುದು ಇದರ ಕೆಲಸ. ಆಗಲೇ ನಿಂತ ಗರ್ಭವನ್ನು ಇದು ಇಳಿಸುವುದಿಲ್ಲ, ಆ ಗರ್ಭಕ್ಕೆ ಕೇಡನ್ನೂ ಮಾಡುವುದಿಲ್ಲ. ಗರ್ಭಪಾತದ ಮಾತ್ರೆ ಬೇರೆ ಔಷಧ. ಅದನ್ನು ವೈದ್ಯರ ಉಸ್ತುವಾರಿಯಿಲ್ಲದೆ ಮಾರುವುದು ಕಾನೂನಿಗೆ ವಿರುದ್ಧ, ಜೀವಕ್ಕೆ ಅಪಾಯ. ಈ ಎರಡನ್ನೂ ಒಂದೇ ಎಂದು ತಿಳಿದವರು ನಮ್ಮ ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ತಿಂಗಳು ತಪ್ಪಿದ ಮೇಲೆ 72 ಗಂಟೆಯ ಮಾತ್ರೆ ನುಂಗಿ 'ಆಯಿತು' ಎಂದು ಕುಳಿತ ಹುಡುಗಿಯ ಗತಿಯನ್ನು ವಾಚಕರೇ ಊಹಿಸಬಹುದು.

ತೆಗೆದುಕೊಂಡವರಿಗೆ ಒಂದೆರಡು ದಿನ ಓಕರಿಕೆ, ತಲೆನೋವು, ಆಯಾಸ ಆಗಬಹುದು. ಮುಂದಿನ ಮುಟ್ಟು ನಾಲ್ಕು ದಿನ ಹಿಂದೆ ಮುಂದೆ ಆಗಬಹುದು. ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತು ಸುಳ್ಳು. ಇಂಥ ವಯಸ್ಸಿನವರು ತೆಗೆದುಕೊಳ್ಳಬಾರದು ಎಂಬ ನಿರ್ಬಂಧವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿಲ್ಲ. ಆದರೆ ಇದು ದಿನನಿತ್ಯದ ಉಪಾಯವಲ್ಲ. ನಿರೋಧ್‌ನಷ್ಟೋ, ದಿನವೂ ನುಂಗುವ ಮಾತ್ರೆಯಷ್ಟೋ ಭರವಸೆಯದೂ ಅಲ್ಲ. ಗುಹ್ಯರೋಗವನ್ನಾಗಲಿ ಏಡ್ಸನ್ನಾಗಲಿ ತಡೆಯುವುದಿಲ್ಲ. ಹೆಸರೇ ಹೇಳುವಂತೆ ತುರ್ತಿಗೆ ಇರುವುದು.

ಇನ್ನು ಕಾಯ್ದೆ. ನಮ್ಮ ದೇಶದಲ್ಲಿ 2005ರಿಂದ ಈ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದು. ಹಾಗಾದರೆ ತೊಂದರೆ ಎಲ್ಲಿದೆ ಎಂದು ಕೇಳಬಹುದು. ತೊಂದರೆ ಇರುವುದು ಔಷಧಿ ಅಂಗಡಿಯ ಗಾಜಿನ ಪೆಟ್ಟಿಗೆಯ ಎರಡು ಕಡೆಗಳಲ್ಲಿ. ಆ ಕಡೆ ನಿಂತವನು ಹುಡುಗಿಯ ಮುಖ ನೋಡುತ್ತಾನೆ, ಕೊರಳು ನೋಡುತ್ತಾನೆ, ತಾಳಿ ಇದೆಯೇ ಎಂದು. ಈ ಕಡೆ ನಿಂತವಳ ಹಿಂದೆ ಕೆಮ್ಮಿನ ಔಷಧಿಗೆ ಬಂದ ಅವಳ ಓಣಿಯವರೇ ಇರುತ್ತಾರೆ. ಜಿಲ್ಲಾ ಕೇಂದ್ರವೇ ಇಷ್ಟು ಚಿಕ್ಕದು. ಹೋಬಳಿಯ ಮಾತು ಹೇಳುವುದೇ ಬೇಡ. ಅಲ್ಲಿ ಒಂದೇ ಔಷಧಿ ಅಂಗಡಿ, ಅದರ ಯಜಮಾನ ಹುಡುಗಿಯ ಅಪ್ಪನಿಗೆ ಸಾಲ ಕೊಟ್ಟವನು. ನೆರೆಯ ತಮಿಳುನಾಡಿನಲ್ಲಂತೂ ಕಾಯ್ದೆಯ ನಿಷೇಧವಿಲ್ಲದಿದ್ದರೂ ಅಂಗಡಿಗಳವರು ವರ್ಷಗಟ್ಟಲೆ ಈ ಮಾತ್ರೆಯನ್ನು ಇಡದೆ ಕಾಲ ಕಳೆದರು. ಬರೆದ ಕಾಯ್ದೆ ಒಂದಾದರೆ ಅಂಗಡಿಯ ಕಾಯ್ದೆ ಇನ್ನೊಂದು.

ಹಣದ ಮಾತೂ ಇದೆ. ಪೇಟೆಯ ಹೆಸರುವಾಸಿ ಮಾತ್ರೆಗೆ ನೂರು ರೂಪಾಯಿಯ ಆಸುಪಾಸು. ದೊಡ್ಡ ಊರಿನ ಕಾಲೇಜಿಗೆ ಹೋಗುವ ಸಾಹುಕಾರರ ಮಗಳಿಗೆ ಅದು ಒಂದು ಸಂಜೆಯ ಕಾಫಿ ತಿಂಡಿ. ಅವಳು ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾಳೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ. ಬೀಡಿ ಕಟ್ಟುವ ಮನೆಯ ಹುಡುಗಿಗೆ ಅದೇ ಹಣ ದಿನದ ಸಂಪಾದನೆಯ ಬಹುಪಾಲು, ಅದೂ ಅವಳ ಕೈಯಲ್ಲಿ ಇರುವುದಿಲ್ಲ. ಸುಲಭವಾಗಿ ಸಿಗಬೇಕೆ ಎಂಬ ಪ್ರಶ್ನೆ ಉಳ್ಳವರ ಮನೆಯಲ್ಲಿ ಎಂದೋ ಇತ್ಯರ್ಥವಾಗಿದೆ. ಉಳಿದಿರುವುದು ನಮ್ಮ ವಾಚಕರ ಮನೆಗಳ ಪ್ರಶ್ನೆ ಮಾತ್ರ.

ಸಮಯದ ಲೆಕ್ಕವನ್ನು ಪಾಳಿಯಲ್ಲಿ ದುಡಿಯುವವರಿಗೆ ವಿವರಿಸಬೇಕಾಗಿಲ್ಲ. ಶನಿವಾರ ಸಂಜೆ ಒಂದು ಅನಾಹುತ ನಡೆಯಿತೆನ್ನಿ. ಭಾನುವಾರ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗಕ್ಕೆ ರಜೆ. ಸೋಮವಾರ ಶಾಲೆಗೆ ಎಂದು ಹೊರಟವಳು ಬಸ್ಸು ಹಿಡಿದು ಬರಬೇಕು. ಬಂದರೆ ಡಾಕ್ಟರು ಮೀಟಿಂಗಿಗೆ ಹೋಗಿರುತ್ತಾರೆ. ಮಂಗಳವಾರ ಸಂಜೆಗೆ 72 ಗಂಟೆ ತುಂಬಿತು. ಬಡವರ ಮನೆಯಲ್ಲಿ ಭಯವನ್ನು ಯಾರೊಡನೆ ಹೇಳುವುದು ಎಂದು ತೀರ್ಮಾನಿಸುವುದಕ್ಕೇ ಎರಡು ದಿನ ಹಿಡಿಯುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎಂದು ನಾವು ಹೇಳುವುದಿಲ್ಲ. 2011ರಲ್ಲಿ ಆರಂಭವಾದ ಯೋಜನೆಯಂತೆ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಗರ್ಭನಿರೋಧಕಗಳನ್ನು ತಲುಪಿಸಬೇಕು; ತುರ್ತು ಮಾತ್ರೆಗೆ ಗೊತ್ತುಮಾಡಿದ ಬೆಲೆ 2 ರೂಪಾಯಿ. ಒಳ್ಳೆಯ ಯೋಜನೆ. ಆದರೆ ಆಶಾ ತಾಯಿಯ ಕೈಯಲ್ಲಿರುವ ಪುಸ್ತಕದ ಹೆಸರು ನೋಡಿ: 'ಅರ್ಹ ದಂಪತಿಗಳ' ರಿಜಿಸ್ಟರು. ಮದುವೆಯಾದ, 15ರಿಂದ 49 ವರ್ಷದ ಹೆಂಗಸರ ಪಟ್ಟಿ ಅದು. ಹೆಣ್ಣಿಗೆ 18 ತುಂಬುವ ಮೊದಲು ಮದುವೆ ಮಾಡಿದರೆ ಅಪರಾಧ ಎಂದು 2006ರ ಕಾಯ್ದೆ ಹೇಳುತ್ತದೆ. ಅಂಥ ಮದುವೆ ಮೂಲತಃ ಅಸಿಂಧು ಎಂದು ನಮ್ಮ ರಾಜ್ಯ 2016ರಲ್ಲಿ ತಿದ್ದುಪಡಿಯನ್ನೇ ಮಾಡಿತು. ಆದರೂ ಪಟ್ಟಿ 15ರಿಂದ ಆರಂಭವಾಗುತ್ತದೆ. ಅಂದರೆ ಕಾನೂನು ಮುರಿದು ಹದಿನೈದಕ್ಕೆ ಮದುವೆ ಮಾಡಿಸಿದವರ ಮನೆಗೆ 2 ರೂಪಾಯಿಯ ಮಾತ್ರೆ ಬರುತ್ತದೆ. ಮದುವೆಯಾಗದೆ ಓದುತ್ತಿರುವ ಹದಿನೇಳರ ಹುಡುಗಿಯ ಹೆಸರಿಗೆ ಆ ಪುಸ್ತಕದಲ್ಲಿ ಗೆರೆಯೇ ಇಲ್ಲ. ಇಂಥ ಪುಸ್ತಕವನ್ನು ಬರೆದವರು ಯಾರೋ, ಅವರು ಹೆಣ್ಣುಮಕ್ಕಳನ್ನು ತಾಳಿಯ ಮೂಲಕವಲ್ಲದೆ ನೋಡಿಯೇ ಇಲ್ಲ.

ಇದು ಎಲ್ಲೋ ದೂರದ ಸಂಗತಿ ಎಂದು ಯಾರೂ ತಿಳಿಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 6.8 ಮಂದಿ ಆಗಲೇ ತಾಯಂದಿರು ಅಥವಾ ಗರ್ಭಿಣಿಯರು. ಎಳೆ ಮೈಯ ಹೆರಿಗೆ ಎಂದರೆ ರಕ್ತಹೀನತೆ, ನಂಜು, ಕಷ್ಟದ ಹೆರಿಗೆ, ತೂಕವಿಲ್ಲದ ಕೂಸು. ಲೋಕದಾದ್ಯಂತ 15ರಿಂದ 19ರ ಹುಡುಗಿಯರ ಸಾವಿನ ಪ್ರಮುಖ ಕಾರಣಗಳಲ್ಲಿ ಬಸಿರು ಬಾಣಂತನದ ತೊಡಕುಗಳೂ ಸೇರಿವೆ.

ಈಗ ಆಕ್ಷೇಪಣೆಗಳಿಗೆ ಬರೋಣ.

ಮಾತ್ರೆ ಕೈಗೆ ಸಿಕ್ಕರೆ ಹುಡುಗಿಯರು ಕೆಡುತ್ತಾರೆ ಎಂಬುದು ಮೊದಲನೆಯದು. ಎಲ್ಲ ದೇಶದಲ್ಲೂ ಈ ಮಾತು ಬಂದಿದೆ. ಅಮೆರಿಕದಲ್ಲಿ ವಯಸ್ಸಿನ ನಿರ್ಬಂಧ ತೆಗೆಯಬಹುದೆಂದು ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆಯ ವಿಜ್ಞಾನಿಗಳು 2011ರಲ್ಲಿ ಹೇಳಿದಾಗ ಆರೋಗ್ಯ ಮಂತ್ರಿಣಿ ಕ್ಯಾಥಲೀನ್ ಸೆಬೀಲಿಯಸ್ ಅದನ್ನು ತಳ್ಳಿಹಾಕಿದರು. ಅಧ್ಯಕ್ಷ ಒಬಾಮಾ ಆಕೆಯನ್ನು ಬೆಂಬಲಿಸಿದರು. ಮುಂದೆ ಚುನಾವಣೆಯಿತ್ತು ಎಂಬುದನ್ನು ಮರೆಯಬಾರದು. ವಿಜ್ಞಾನವನ್ನು ಬದಿಗೊತ್ತಿ ರಾಜಕೀಯ ಮಾಡಲಾಗಿದೆ ಎಂದು ನ್ಯಾಯಾಧೀಶ ಎಡ್ವರ್ಡ್ ಕೋರ್ಮನ್ 2013ರ ಏಪ್ರಿಲ್‌ನಲ್ಲಿ ತೀರ್ಪಿತ್ತ ಮೇಲೆ, ಅದೇ ವರ್ಷ ಜೂನ್‌ನಲ್ಲಿ ನಿರ್ಬಂಧ ಹೋಯಿತು. ಫ್ರಾನ್ಸಿನಲ್ಲಿ 2000ದ ಡಿಸೆಂಬರಿನ ಕಾಯ್ದೆಯಂತೆ ಶಾಲೆಯ ದಾದಿಯೇ ವಿದ್ಯಾರ್ಥಿನಿಗೆ ಈ ಮಾತ್ರೆ ಕೊಡಬಹುದು. 2002ರಿಂದ ಅಪ್ರಾಪ್ತ ಹುಡುಗಿಯರಿಗೆ ಔಷಧಿ ಅಂಗಡಿಯಲ್ಲಿ ಹೆಸರು ಕೇಳದೆ ಪುಕ್ಕಟೆ ಸಿಗುತ್ತಿದೆ. ಮಾತ್ರೆಯನ್ನು ಮುಂಗಡವಾಗಿಯೇ ಹುಡುಗಿಯರ ಕೈಗೆ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಅವರ ನಡತೆ ಬದಲಾಯಿಸಲಿಲ್ಲ, ಗುಹ್ಯರೋಗ ಹೆಚ್ಚಲಿಲ್ಲ. ಅದೇ ಅಧ್ಯಯನಗಳು ಇನ್ನೊಂದು ಮಾತನ್ನೂ ಹೇಳಿವೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ: ಬರೀ ಮಾತ್ರೆ ಹಂಚಿದ್ದರಿಂದ ಒಟ್ಟು ಬಸಿರುಗಳ ಸಂಖ್ಯೆಯೂ ಗಣನೀಯವಾಗಿ ಇಳಿಯಲಿಲ್ಲ. ಮಾತ್ರೆ ಬಂದರೆ ಸಮಾಜ ಹಾಳಾಗುತ್ತದೆ ಎನ್ನುವವರೂ, ಮಾತ್ರೆ ಬಂದರೆ ಸಮಸ್ಯೆ ತೀರುತ್ತದೆ ಎನ್ನುವವರೂ ಇದನ್ನು ಗಮನಿಸಬೇಕು. ಅದು ಒಬ್ಬೊಬ್ಬ ಹುಡುಗಿಗೆ ಅವಳ ಒಂದು ಆಪತ್ತಿನಲ್ಲಿ ಒದಗುವ ವಸ್ತು. ಊರಿಗೆ ಬೆಂಕಿ ಬೀಳದಂತೆ ತಡೆಯುವುದಿಲ್ಲವೆಂದು ಬಾವಿಗೆ ಹಗ್ಗ ಬೇಡವೆನ್ನುವರೆ?

ಎರಡನೆಯ ಆಕ್ಷೇಪಣೆ ಭಾರವಾದದ್ದು. ನಮ್ಮ ಪಕ್ಷದ ಮಹಿಳಾ ಕಾರ್ಯಕರ್ತರಲ್ಲೇ ಕೆಲವರು ಇದನ್ನು ಎತ್ತಿದ್ದಾರೆ. ಎಳೆಯ ಹುಡುಗಿಯ ಮೇಲೆ ಕೈ ಹಾಕುವವನು ಎಷ್ಟೋ ಸಾರಿ ಹೊರಗಿನವನಲ್ಲ. ಮಾವ, ಚಿಕ್ಕಪ್ಪ, ಮನೆಯ ಯಜಮಾನ, ಕೆಲಸ ಕೊಟ್ಟ ಮೇಸ್ತ್ರಿ. ಅವನೇ ಮಾತ್ರೆ ತಂದು ನುಂಗಿಸಿ ತನ್ನ ಪಾಪವನ್ನು ಮುಚ್ಚಿಕೊಳ್ಳುವುದಿಲ್ಲವೆ? ಮುಚ್ಚಿಕೊಳ್ಳುತ್ತಾನೆ. ಈಗಲೂ ಮುಚ್ಚಿಕೊಳ್ಳುತ್ತಲೇ ಇದ್ದಾನೆ, ಏಕೆಂದರೆ ಅಂಗಡಿಯಲ್ಲಿ ಗಂಡಸಿಗೆ ಯಾರೂ ಪ್ರಶ್ನೆ ಹಾಕುವುದಿಲ್ಲ. ತಡೆ ಇರುವುದು ಹುಡುಗಿಗೆ ಮಾತ್ರ. ಆ ತಡೆಯನ್ನು ಇನ್ನೂ ಬಿಗಿ ಮಾಡಿದರೆ ಆ ಮನುಷ್ಯನಿಗೆ ಕಷ್ಟವಾಗುವುದಿಲ್ಲ. ಹುಡುಗಿ ತಾನೇ ನಡೆದು ಆಸ್ಪತ್ರೆಗೆ ಬರುವಂತಾದರೆ, ಅಲ್ಲಿ ಬಾಗಿಲು ಹಾಕಿಕೊಂಡು 'ಏನಾಯಿತವ್ವಾ' ಎಂದು ಕೇಳುವ ಒಬ್ಬ ನರ್ಸಮ್ಮ ಇದ್ದರೆ, ಆಗ ಅವನಿಗೆ ಅಪಾಯ. ಸರ್ಕಾರವೂ ಇದನ್ನು ಒಂದು ಕಡೆ ಒಪ್ಪಿದೆ. ಪೋಕ್ಸೊ ಕಾಯ್ದೆಯ ನಿಯಮಗಳಲ್ಲಿ, ಪ್ರಾಯಕ್ಕೆ ಬಂದ ಮಗು ಅತ್ಯಾಚಾರಕ್ಕೆ ಈಡಾಗಿ ಚಿಕಿತ್ಸೆಗೆ ಬಂದಾಗ ಬಸಿರಿನ ಸಾಧ್ಯತೆ ಮತ್ತು ತುರ್ತು ಗರ್ಭನಿರೋಧಕದ ವಿಷಯವನ್ನು ಆಕೆಯೊಡನೆ ಮತ್ತು ತಂದೆತಾಯಿಗಳೊಡನೆ ಮಾತನಾಡಬೇಕು ಎಂದಿದೆ. ಎಷ್ಟು ಆಸ್ಪತ್ರೆಗಳಲ್ಲಿ ಇದು ನಡೆಯುತ್ತದೆ?

ಅದೇ ಪೋಕ್ಸೊ ಕಾಯ್ದೆಯಲ್ಲಿ ಒಂದು ಗಂಟೂ ಇದೆ. 2012ರಲ್ಲಿ ಬಂದ ಈ ಕಾಯ್ದೆಯಂತೆ 18ರ ಒಳಗಿನವರ ಒಪ್ಪಿಗೆ ಒಪ್ಪಿಗೆಯಲ್ಲ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅವರ ಮೇಲೆಯೇ ಮೊಕದ್ದಮೆ. ಕಾಮುಕರ ವಿರುದ್ಧ ಇಂಥ ಕಾಯ್ದೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿನೇಳರ ಹುಡುಗಿ ಹದಿನೆಂಟರ ಹುಡುಗ ಪರಸ್ಪರ ಮೆಚ್ಚಿ ನಡೆದ ಪ್ರಸಂಗಕ್ಕೂ ಅದೇ ದೊಣ್ಣೆ ಬೀಳುತ್ತದೆ. ಹುಡುಗ ಬೇರೆ ಜಾತಿಯವನಾದರೆ ಹುಡುಗಿಯ ಮನೆಯವರು ಠಾಣೆಗೆ ಓಡುವುದು ಇನ್ನೂ ಬೇಗ. ಇಂಥ ಪ್ರಕರಣಗಳನ್ನು ಕಂಡೇ ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠ 2022ರ ನವೆಂಬರಿನಲ್ಲಿ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ವರದಿಯಲ್ಲಿ 18ನ್ನು ಇಳಿಸುವುದು ಬೇಡ, 16ರಿಂದ 18ರವರ ಪ್ರಕರಣಗಳಲ್ಲಿ ಶಿಕ್ಷೆಯ ಬಗ್ಗೆ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ವಯಸ್ಸಿನ ಆ ವಾದ ನಡೆಯಲಿ. ಇಲ್ಲಿ ನಮಗೆ ಮುಖ್ಯವಾದದ್ದು ಬೇರೆ: ಪೊಲೀಸರ ಭಯದಿಂದ ಹುಡುಗಿ ಆಸ್ಪತ್ರೆಗೆ ಬರುವುದಿಲ್ಲ, ಕೋರ್ಟಿನ ಭಯದಿಂದ ಡಾಕ್ಟರು ಅವಳನ್ನು ಮುಟ್ಟುವುದಿಲ್ಲ.

ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಗರ್ಭಪಾತದ ಮಟ್ಟಿಗೆ ಒಂದು ದಾರಿ ಮಾಡಿಕೊಟ್ಟಿದೆ. ಅಪ್ರಾಪ್ತೆಯೂ ಅವಳ ಪೋಷಕರೂ ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು ಗುರುತು ಹೇಳಬೇಕಾಗಿಲ್ಲ. ಮದುವೆಯಾದವಳು, ಆಗದವಳು ಎಂಬ ಭೇದವೂ ಸಲ್ಲದು ಎಂದು ಅದೇ ತೀರ್ಪು. ಗರ್ಭಪಾತಕ್ಕೆ ಬಂದವಳ ಗುಟ್ಟನ್ನು ಕಾಪಾಡಬಹುದಾದರೆ, ಗರ್ಭಪಾತವೇ ಬೇಡವಾಗಲಿ ಎಂದು ಎರಡು ದಿನ ಮೊದಲೇ ಬಂದವಳ ಗುಟ್ಟನ್ನು ಕಾಪಾಡಲು ಏನು ಅಡ್ಡಿ? ಸರ್ಕಾರ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಿದರೆ ಡಾಕ್ಟರ ಭಯ ಅರ್ಧ ಇಳಿಯುತ್ತದೆ. 1971ರ ಗರ್ಭಪಾತ ಕಾಯ್ದೆಯಂತೆ ಅಪ್ರಾಪ್ತೆಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೇಳಲು ಧೈರ್ಯವಿಲ್ಲದ ಹುಡುಗಿ ಎಲ್ಲಿಗೆ ಹೋಗುತ್ತಾಳೆ? ಕದ್ದು ಮಾರುವ ಮಾತ್ರೆಗೆ, ಪರವಾನಗಿಯಿಲ್ಲದ ಕೈಗೆ, ಇಲ್ಲವೆ ಕೆರೆಗೆ. ಅಥವಾ ತರಾತುರಿಯಲ್ಲಿ ಯಾವನಿಗೋ ಕಟ್ಟಿಬಿಡುತ್ತಾರೆ; ಅವಳ ಶಾಲೆಯ ಟಿ.ಸಿ. ಯಾರೂ ತರಲು ಹೋಗುವುದಿಲ್ಲ.

ಮೂರನೆಯ ಆಕ್ಷೇಪಣೆ ನಮ್ಮದೇ. ಈ ಮಾತ್ರೆ ಭಾರಿ ವ್ಯಾಪಾರವಾಗಿದೆ. ಸಿಪ್ಲಾ ಕಂಪನಿ 2007ರಲ್ಲಿ ಪೇಟೆಗೆ ತಂದ ಐ-ಪಿಲ್ ಎಂಬ ಒಂದು ಹೆಸರನ್ನು 2010ರಲ್ಲಿ ಪಿರಾಮಲ್ ಕಂಪನಿ 95 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಮಾತ್ರೆಯನ್ನಲ್ಲ, ಕಾರ್ಖಾನೆಯನ್ನಲ್ಲ, ಹೆಸರನ್ನು! ಟೆಲಿವಿಷನ್ನಿನ ಜಾಹೀರಾತುಗಳು ಹೆಣ್ಣಿನ ಭಯವನ್ನೇ ಬಂಡವಾಳ ಮಾಡಿಕೊಂಡವು. ನಿರೋಧ್ ಹಾಕಿಕೊಳ್ಳುವುದು ಗಂಡಸಿನ ಜವಾಬ್ದಾರಿ ಎಂದು ಹೇಳುವುದಕ್ಕಿಂತ ಹೆಣ್ಣಿಗೆ ಮಾತ್ರೆ ಮಾರುವುದರಲ್ಲಿ ಲಾಭ ಹೆಚ್ಚು. ಪದೇ ಪದೇ ನುಂಗುವ ಹುಡುಗಿಯರೂ ಇದ್ದಾರೆ, ಹೇಳುವವರಿಲ್ಲದೆ. ಆದ್ದರಿಂದಲೇ ನಾವು ಸುಲಭವಾಗಿ ಸಿಗಲಿ ಎನ್ನುವುದು ಪೇಟೆಯಲ್ಲಿ ಸುಲಭವಾಗಿ ಎಂದಲ್ಲ. ಸಾರ್ವಜನಿಕ ಆಸ್ಪತ್ರೆಯಲ್ಲಿ, ಪುಕ್ಕಟೆಯಾಗಿ, ಎರಡು ಒಳ್ಳೆಯ ಮಾತಿನೊಡನೆ.

ಕುಟುಂಬ ಯೋಜನೆ ಎಂದರೆ ನಮ್ಮ ಹಿರಿಯ ವಾಚಕರು ಬೆಚ್ಚುತ್ತಾರೆ, ಅದಕ್ಕೆ ಕಾರಣವೂ ಇದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಮಿಕ್ಕಿ ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಹಿಡಿದು ತಂದು ಮಾಡಿದವರಲ್ಲಿ ಬಡವರೇ ಹೆಚ್ಚು. ಸಮಾಜವಾದಿಗಳು ಅದನ್ನು ವಿರೋಧಿಸಿ ಜೈಲು ಕಂಡರು. ಆದರೆ ಬಲವಂತವಾಗಿ ಮೈಮೇಲೆ ಕೈ ಹಾಕುವುದನ್ನು ವಿರೋಧಿಸಿದವರು, ತನ್ನ ಮೈಯನ್ನು ತಾನು ಕಾಪಾಡಿಕೊಳ್ಳಲು ಬಂದವಳನ್ನು ಬಲವಂತವಾಗಿ ತಡೆಯುವುದನ್ನೂ ವಿರೋಧಿಸಬೇಕಾಗುತ್ತದೆ. ಮೈ ಅವರದು ಎಂಬ ತತ್ವ ಎರಡು ಕಡೆಗೂ ಒಂದೇ.

ಇದು ಪಾಶ್ಚಾತ್ಯರಿಂದ ಬಂದ ಕೇಡು ಎನ್ನುವವರು ಸ್ವಲ್ಪ ಇತಿಹಾಸ ಓದಲಿ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆಜ್ಞೆ ಮಾಡಿತು. ಲೋಕದಲ್ಲೇ ಒಂದು ಸರ್ಕಾರ ಇಂಥ ಕೆಲಸಕ್ಕೆ ಕೈ ಹಾಕಿದ್ದು ಅದೇ ಮೊದಲು ಎನ್ನುತ್ತಾರೆ. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿ ಕೇಂದ್ರ ತೆರೆದರು. 1927ರಿಂದ ತೀರಿಕೊಳ್ಳುವವರೆಗೆ 'ಸಮಾಜ ಸ್ವಾಸ್ಥ್ಯ' ಪತ್ರಿಕೆ ನಡೆಸಿದರು. ಪ್ರೊಫೆಸರಿಕೆ ಹೋಯಿತು, ಅಶ್ಲೀಲವೆಂದು ಮೊಕದ್ದಮೆ ಹೂಡಿದರು. 1934ರಲ್ಲಿ ಅವರ ಪರವಾಗಿ ಕೋರ್ಟಿನಲ್ಲಿ ನಿಂತ ವಕೀಲರು ಡಾ. ಅಂಬೇಡ್ಕರ್. ಗಾಂಧೀಜಿ ಕೃತಕ ಸಾಧನಗಳನ್ನು ಒಪ್ಪಲಿಲ್ಲ. 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದ ಮಾರ್ಗರೆಟ್ ಸ್ಯಾಂಗರ್ ಅವರೊಡನೆ ಈ ಬಗ್ಗೆ ದೀರ್ಘವಾಗಿ ವಾದಿಸಿದರು. ಸಂಯಮವೇ ದಾರಿ ಎಂಬ ಅವರ ಮಾತಿನಲ್ಲಿ ಹೆಣ್ಣಿನ ಬಗ್ಗೆ ಕರುಣೆಯಿತ್ತು, ಅದನ್ನು ಗೌರವಿಸುತ್ತೇವೆ. ಆದರೆ ಸಂಯಮ ತಪ್ಪಿದವನು ಗಂಡಸಾಗಿ, ಶಿಕ್ಷೆ ಅನುಭವಿಸುವವಳು ಹುಡುಗಿಯಾದಾಗ ಆ ಉಪದೇಶ ಯಾರಿಗೆ ಮುಟ್ಟಬೇಕು? ಜಾತಿಯ ಕಟ್ಟು ಮತ್ತು ಹೆಣ್ಣಿನ ಕಟ್ಟು ಎರಡೂ ಸೇರಿ ಈ ದೇಶದ ಚೈತನ್ಯವನ್ನು ಹಿಂಡಿವೆ ಎಂದು ಲೋಹಿಯಾ 1950ರ ದಶಕದಲ್ಲೇ ಬರೆದರು. ಅವರ ಭಾವಚಿತ್ರಕ್ಕೆ ಹಾರ ಹಾಕುವ ನಮ್ಮವರಲ್ಲೇ ಕೆಲವರಿಗೆ ಅದರ ಮೊದಲರ್ಧ ಮಾತ್ರ ನೆನಪಿದೆ.

ಶಾಲೆಯ ವಿಷಯ ಹೇಳದೆ ಮುಗಿಸುವಂತಿಲ್ಲ. ಹದಿಹರೆಯದ ಶಿಕ್ಷಣ ಎಂದು ಕೇಂದ್ರ ಸರ್ಕಾರ ತಂದ ಪಾಠವನ್ನು 2007ರಲ್ಲಿ ಹಲವು ರಾಜ್ಯಗಳು ಬೇಡವೆಂದವು, ಕರ್ನಾಟಕವೂ ಸೇರಿತ್ತು. ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಇದ್ದೇ ಇದೆ. ಅದು ಬಂದ ದಿನ 'ಮನೆಯಲ್ಲಿ ಓದಿಕೊಳ್ಳಿ' ಎನ್ನುವುದು ಮಾಸ್ತರಿಕೆ ಮಾಡಿದ ಎಲ್ಲರಿಗೂ ಗೊತ್ತಿರುವ ಪದ್ಧತಿ. ಮನೆಯಲ್ಲಿ ಯಾರು ಹೇಳುತ್ತಾರೆ? ಹುಡುಗರು ಮೊಬೈಲಿನಲ್ಲಿ ಕಲಿಯುತ್ತಾರೆ, ಕಲಿಯಬಾರದ್ದನ್ನು. ಮಾತ್ರೆಯ ಮಾತು ಹುಡುಗಿಯರಿಗೆ ಮಾತ್ರ ಹೇಳಿದರೆ ಸಾಲದು. ಬಸಿರಿಗೆ ಇಬ್ಬರು ಕಾರಣ ಎಂಬುದನ್ನು ಹತ್ತನೆಯ ತರಗತಿಯ ಹುಡುಗರ ಬೆಂಚಿನ ಕಡೆ ತಿರುಗಿ ಹೇಳಬೇಕು.

ತಂದೆತಾಯಿಗಳಿಗೆ ಗೊತ್ತಾಗದಂತೆ ಕೊಡಬೇಕೆ ಎಂದು ಮಿಲ್ಲಿನ ಗೆಳೆಯರೊಬ್ಬರು ಕೇಳಿದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಮಗಳು ಮೊದಲು ತಾಯಿಯ ಬಳಿ ಬರುವಂಥ ಮನೆಯೇ ಎಲ್ಲಕ್ಕಿಂತ ಮೇಲು. ಆದರೆ ಅಂಥ ಮನೆಯನ್ನು ಸುತ್ತೋಲೆಯಿಂದ ಕಟ್ಟಲಾಗದು. ಮನೆಯಲ್ಲಿ ಹೇಳಲಾರದ ಹುಡುಗಿಗೆ ಮನೆಯ ಒಪ್ಪಿಗೆ ತಾ ಎಂದರೆ ಮಾತ್ರೆ ಇಲ್ಲ ಎಂದೇ ಅರ್ಥ.

ನಮ್ಮ ಒತ್ತಾಯಗಳು ದೊಡ್ಡವಲ್ಲ. ಹದಿಹರೆಯದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಎಂಬ ಫಲಕಗಳಿವೆ. ಆ ಫಲಕದ ಹಿಂದೆ ಒಬ್ಬ ಮನುಷ್ಯರು ಇರಲಿ, ಶಾಲೆ ಬಿಟ್ಟ ಮೇಲೆ ಸಂಜೆ ಆರರವರೆಗೆ ಇರಲಿ, ಭಾನುವಾರ ಹೆರಿಗೆ ವಾರ್ಡಿನ ನರ್ಸಿನ ಬಳಿಯಲ್ಲಾದರೂ ಮಾತ್ರೆ ಇರಲಿ. ಆಶಾ ಕಾರ್ಯಕರ್ತೆಯರು ದಂಪತಿಗಳ ಪಟ್ಟಿಯಾಚೆಗೂ ಕೊಡಬಹುದೆಂದು ಬರಹದಲ್ಲಿ ಆದೇಶ ಬರಲಿ. ಹಾಗೆ ಕೊಟ್ಟದ್ದಕ್ಕೆ ಊರಿನವರು ಜಗಳ ತೆಗೆದರೆ ಆಕೆಯ ಹಿಂದೆ ಇಲಾಖೆ ನಿಲ್ಲಲಿ. ಗೌರವಧನದ ಮೇಲೆ ದುಡಿಯುವ ಆ ಹೆಂಗಸರ ಮೇಲೆ ಇದನ್ನೂ ಹೊರಿಸಿ ಕೈ ತೊಳೆದುಕೊಳ್ಳುವುದು ಬೇಡ.

ಔಷಧಿ ಅಂಗಡಿ ಇಟ್ಟಿರುವ ನಮ್ಮ ವಾಚಕ ಮಿತ್ರರಿಗೂ ಒಂದು ಮಾತು. ಹುಡುಗಿ ಬಂದು ಕೇಳಿದರೆ ಎತ್ತರದ ದನಿಯಲ್ಲಿ 'ಯಾರಿಗೆ?' ಎನ್ನಬೇಡಿ. ಪೊಟ್ಟಣ ಕಾಗದದಲ್ಲಿ ಸುತ್ತಿ ಕೊಡಿ. ಎಷ್ಟು ಗಂಟೆಯಾಯಿತು ಎಂದು ಮೆಲ್ಲಗೆ ಕೇಳಿ; ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕಾಗುತ್ತದೆಂದೂ, ಮುಟ್ಟು ಒಂದು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಸಬೇಕೆಂದೂ ಹೇಳಿ. ಮಗು ಅಳುತ್ತಿದ್ದರೆ, ಮೈಮೇಲೆ ಗಾಯವಿದ್ದರೆ, ಜೊತೆಗೆ ಬಂದವನು ಅವಳಿಗೆ ಮಾತನಾಡಲು ಬಿಡದಿದ್ದರೆ, 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ.

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಮುಂದಿನ ಸಭೆಯಲ್ಲಿ ನಮ್ಮ ಪಕ್ಷದ ಸದಸ್ಯರು ಎರಡು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಬೇಕು: ಈ ದಿನ ದಾಸ್ತಾನಿನಲ್ಲಿ ತುರ್ತು ಮಾತ್ರೆ ಎಷ್ಟಿವೆ? ಕಳೆದ ಮೂರು ತಿಂಗಳಲ್ಲಿ ಮದುವೆಯಾಗದ ಎಷ್ಟು ಹುಡುಗಿಯರಿಗೆ ಕೊಟ್ಟಿದ್ದೀರಿ? ಹೆಸರು ಬೇಡ, ಸಂಖ್ಯೆ ಸಾಕು. ಬಂದ ಉತ್ತರಗಳನ್ನು ಕಚೇರಿಗೆ ಕಳುಹಿಸಿದರೆ ಹೋಬಳಿವಾರು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.